ಅಜೈಲ್ ಕಲಿಯಲು ಕೋರ್ಸಿಗೆ ದುಡ್ಡು ಕಟ್ಟಬೇಕೇ?

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದರಲ್ಲಿ ಟೆಸ್ಟರ್ ಆಗಿದ್ದೇನೆ. ಟೀಮು ಈಚೆಗೆ ಅಜೈಲ್‌ಗೆ (ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕಟ್ಟುತ್ತ ಹೋಗುವ ವಿಧಾನ) ಬದಲಾಗಿದೆ. ಆದರೆ ದಿನಾ ಸ್ಟ್ಯಾಂಡ್‌ಅಪ್ ಎಂಬ ಚುಟುಕು ಸಭೆಯಲ್ಲಿ ಮ್ಯಾನೇಜರಿಗೆ ವರದಿ ಒಪ್ಪಿಸಿ ಬರುತ್ತೇವೆ, ಅಷ್ಟೇ. ಎರಡು ದಿನದ ಕೋರ್ಸಿಗೆ ಸಾವಿರಾರು ರೂಪಾಯಿ ಕೇಳುತ್ತಿದ್ದಾರೆ. ಸೇರಲೇ? ಖರ್ಚಿಲ್ಲದೆ ಕಲಿಯಲು ಏನಿದೆ?
– ಓದುಗರೊಬ್ಬರು, ತುಮಕೂರು

ಉತ್ತರ: ಸದ್ಯಕ್ಕೆ ದುಡ್ಡು ಜೇಬಿನಲ್ಲೇ ಇರಲಿ. ಅಜೈಲಿನ ಜನಪ್ರಿಯ ಪದ್ಧತಿ ಸ್ಕ್ರಮ್. ಅದನ್ನು ರೂಪಿಸಿದ ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ ಬರೆದ ‘ಸ್ಕ್ರಮ್ ಗೈಡ್’ ಪುಕ್ಕಟೆ ಸಿಗುತ್ತದೆ, 15 ಪುಟವೂ ಇಲ್ಲ. 2020ರ ಆವೃತ್ತಿಯನ್ನೇ ಓದಿ. ನಿಮ್ಮ ಸ್ಟ್ಯಾಂಡ್‌ಅಪ್ ಎಲ್ಲಿ ಹಾದಿ ತಪ್ಪಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯ, ಅಡ್ಡಿ ಏನು ಎಂಬ ಮೂರು ಪ್ರಶ್ನೆಗಳನ್ನು ಆ ಆವೃತ್ತಿ ಕೈಬಿಟ್ಟಿದೆ. ಸ್ಪ್ರಿಂಟಿನ (ಒಂದು ತಿಂಗಳು ಮೀರದ ಕೆಲಸದ ಕಂತು) ಗುರಿಯತ್ತ ಎಲ್ಲಿಗೆ ಬಂದೆವು ಎಂದು ಡೆವಲಪರುಗಳೇ 15 ನಿಮಿಷದಲ್ಲಿ ನೋಡಿಕೊಂಡು, ಮುಂದಿನ ಕೆಲಸ ಹೊಂದಿಸಿಕೊಳ್ಳುವುದಕ್ಕೆ ಆ ಸಭೆ. ಗೈಡ್ ಪ್ರಕಾರ ಟೆಸ್ಟರೂ ಡೆವಲಪರೇ, ನೆನಪಿರಲಿ. ಕೆಲವು ಮ್ಯಾನೇಜರುಗಳಿಗೆ ಇದು ರುಚಿಸುವುದಿಲ್ಲ!

ಜೊತೆಗೆ ಅಜೈಲ್ ಮ್ಯಾನಿಫೆಸ್ಟೊ. ಅಮೆರಿಕದ ಯೂಟಾದಲ್ಲಿ 2001ರ ಫೆಬ್ರವರಿಯಲ್ಲಿ 17 ಮಂದಿ ಸೇರಿ ರೂಪಿಸಿದ್ದು. ನಾಲ್ಕು ಮೌಲ್ಯ, 12 ತತ್ವ. ಓದಲು ಹತ್ತು ನಿಮಿಷ.

ಇಷ್ಟರಿಂದ ಸಭೆಗಳು ಅರ್ಥವಾಗುತ್ತವೆ, ಕೋಡು ಸುಧಾರಿಸುವುದಿಲ್ಲ. ಕೋರ್ಸುಗಳು ಬಹುಪಾಲು ಸೋಲುವುದೇ ಇಲ್ಲಿ. ಸ್ಪ್ರಿಂಟಿನ ಕೊನೆಯ ದಿನ ಎಲ್ಲ ಸ್ಟೋರಿಗಳೂ (ಬಳಕೆದಾರರಿಗೆ ಬೇಕಾದ ಸಣ್ಣ ಸಣ್ಣ ಕೆಲಸಗಳು) ಒಟ್ಟಿಗೆ ನಿಮ್ಮ ಮೇಜಿಗೆ ಬಂದು ಬೀಳುತ್ತಿದ್ದರೆ ಅದಕ್ಕೆ ಮದ್ದು ಆಟೊಮೇಟೆಡ್ ಟೆಸ್ಟು (ತಾನೇ ಓಡುವ ಪರೀಕ್ಷೆ), ರಿಫ್ಯಾಕ್ಟರಿಂಗ್ (ಕೆಲಸ ಬದಲಿಸದೆ ಕೋಡನ್ನು ಚೊಕ್ಕ ಮಾಡುವುದು), ಕಂಟಿನ್ಯುಯಸ್ ಇಂಟಿಗ್ರೇಶನ್ (ಎಲ್ಲರ ಕೋಡನ್ನೂ ಆಗಾಗ ಒಟ್ಟು ಸೇರಿಸಿ ಪರೀಕ್ಷಿಸುವುದು). ಇವನ್ನು ಓದಿ ಕಲಿಯಲಾಗದು, ಕೈಯಾಡಿಸಬೇಕು.

ಕೋಡು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ‘ಗಿಲ್ಡೆಡ್ ರೋಸ್’ ಎಂಬ ಅಭ್ಯಾಸವಿದೆ. ಎಮಿಲಿ ಬಾಷ್ ಅದನ್ನು ಜಾವಾ, ಪೈಥಾನ್ ಸೇರಿ ಹಲವು ಭಾಷೆಗಳಲ್ಲಿ ಇಟ್ಟಿದ್ದಾರೆ. ಅಂಗಡಿಯ ಸರಕಿನ ಗುಣಮಟ್ಟ ದಿನದಿನಕ್ಕೆ ಇಳಿಯುವ ಲೆಕ್ಕ. ಒಂದರೊಳಗೊಂದು ಇಫ್ (‘ಹೀಗಿದ್ದರೆ’ ಎಂಬ ಷರತ್ತು) ಹೆಣೆದುಕೊಂಡ ಕೋಡು. ಹಳೆಯ ಚೀಸ್‌ನಂಥ ಕೆಲವು ಸರಕುಗಳು ಮಾತ್ರ ದಿನ ಕಳೆದಂತೆ ಉತ್ತಮವಾಗುತ್ತವೆ, ಆದರೆ ಅವುಗಳ ಗುಣಮಟ್ಟ 50 ದಾಟಬಾರದು. ಈ ಕೋಡಿಗೆ ಎರಡು ಪಟ್ಟು ಬೇಗ ಹಾಳಾಗುವ ಹೊಸ ಸರಕು ಸೇರಿಸಬೇಕು. ತಕ್ಷಣ ಕೋಡಿಗೆ ಕೈಹಾಕಬೇಡಿ. ಈಗ ಅದು ಹೇಗೆ ನಡೆದುಕೊಳ್ಳುತ್ತಿದೆಯೋ ಹಾಗೇ ಹಿಡಿದಿಡುವ ಟೆಸ್ಟು ಮೊದಲು ಬರೆಯಿರಿ: ಗುಣಮಟ್ಟ 49, 50, ಸೊನ್ನೆ ಇದ್ದಾಗ ಏನಾಗುತ್ತದೆ? ಮಾರುವ ಗಡುವು ಮುಗಿದ ಮರುದಿನ? ಅಂಚಿನ ಲೆಕ್ಕ ಹುಡುಕುವುದು ನಿಮಗೆ ನಿತ್ಯದ ಕೆಲಸ. ಇಲ್ಲಿ ನೀವು ಪ್ರೋಗ್ರಾಮರುಗಳಿಗಿಂತ ಒಂದು ಹೆಜ್ಜೆ ಮುಂದೆ. ಟೀಮಿನ ಒಬ್ಬ ಡೆವಲಪರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಕೀಬೋರ್ಡಿನಲ್ಲಿ ಮಾಡಿ. ಪೇರ್ ಪ್ರೋಗ್ರಾಮಿಂಗೂ ಅಲ್ಲೇ ಆದಂತಾಯಿತು.

ಇನ್ನು ಸರ್ಟಿಫಿಕೇಟು. ಎಚ್‌ಆರ್ ಜರಡಿ ದಾಟಲು ಬೇಕೇಬೇಕು ಎನ್ನುವುದಾದರೆ ಸ್ಕ್ರಮ್ ಡಾಟ್ ಆರ್ಗ್‌ ಸಂಸ್ಥೆಯ ಪಿಎಸ್‌ಎಂ-1 (ಪ್ರೊಫೆಷನಲ್ ಸ್ಕ್ರಮ್ ಮಾಸ್ಟರ್) ಸರ್ಟಿಫಿಕೇಟಿಗೆ ಕೋರ್ಸು ಕಡ್ಡಾಯವಲ್ಲ, ಪರೀಕ್ಷೆ ಶುಲ್ಕ ಕಟ್ಟಿದರಾಯಿತು: 60 ನಿಮಿಷ, 80 ಪ್ರಶ್ನೆ, ಶೇ 85 ಅಂಕ ಬೇಕು. ಅವರದೇ ‘ಸ್ಕ್ರಮ್ ಓಪನ್’ ಅಣಕು ಪರೀಕ್ಷೆ ಉಚಿತ, ಎಷ್ಟು ಸಲ ಬೇಕಾದರೂ ಬರೆಯಬಹುದು. ಸ್ಕ್ರಮ್ ಅಲಯನ್ಸ್ ಸಂಸ್ಥೆಯ ಸಿಎಸ್‌ಎಂಗೆ (ಸರ್ಟಿಫೈಡ್ ಸ್ಕ್ರಮ್ ಮಾಸ್ಟರ್) ಮಾತ್ರ ತರಬೇತಿ ಕಡ್ಡಾಯ.

ಪ್ರಶ್ನೆ: ಒಂದು ಸ್ಟೋರಿ ಪಾಯಿಂಟ್ ಅಂದರೆ ಎಷ್ಟು ಗಂಟೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಗಂಟೆಯ ಲೆಕ್ಕವೇ ಬೇಕಿದ್ದರೆ ಗಂಟೆಯಲ್ಲೇ ಅಂದಾಜಿಸಿ, ಪಾಯಿಂಟ್ ಯಾಕೆ? ಅದು ಒಂದು ಕೆಲಸವನ್ನು ಇನ್ನೊಂದರ ಪಕ್ಕ ಇಟ್ಟು ದೊಡ್ಡದೋ ಚಿಕ್ಕದೋ ನೋಡಲು ಮಾತ್ರ. ಅಂದಹಾಗೆ, ಸ್ಕ್ರಮ್ ಗೈಡಿನಲ್ಲಿ ಸ್ಟೋರಿ ಪಾಯಿಂಟಿನ ಸುದ್ದಿಯೇ ಇಲ್ಲ.