‘ಬಾಲ್ಯ ಆಗಲೂ ಅದೇ ಇತ್ತಲ್ಲ’

ಅರವತ್ತು ದಾಟಿದವರು ಕೈಯಲ್ಲೊಂದು ಅಂಕ ಹಿಡಿದುಕೊಂಡು ಆಪ್ತಸಲಹೆಗೆ ಬರುತ್ತಾರೆ. ಬಾಲ್ಯದ ಕಹಿ ಅನುಭವಗಳ ಹತ್ತು ಪ್ರಶ್ನೆಗಳಿಗೆ ಟಿಕ್ ಹಾಕಿ, ಕೂಡಿಸಿ, ಬಂದ ಸಂಖ್ಯೆಯೇ ಹಣೆಬರಹ ಎಂದು ನಂಬಿಬಿಟ್ಟಿರುತ್ತಾರೆ. ಇದು ಅಂಥ ಒಂದು ಪ್ರಕರಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.

ಮಹಿಳೆಗೆ 67 ವರ್ಷ, ನಿವೃತ್ತರು, ಒಂಟಿ ವಾಸ. ಕುಡುಕ ತಂದೆ, ಏಟು, ಮನೆಬಿಟ್ಟು ಹೋದ ತಾಯಿ. ಅಂಕ 6. “ಬುಡವೇ ಹಾಳಾಗಿದೆ, ಇನ್ನು ನೆಮ್ಮದಿ ಎಲ್ಲಿಂದ ಬರಬೇಕು?” ಎಂಬುದು ಅವರ ಮೊದಲ ಮಾತು.

ವೃದ್ಧರ ಖಿನ್ನತೆ ಅಳೆಯುವ 15 ಪ್ರಶ್ನೆಗಳ ಪಟ್ಟಿಯಲ್ಲಿ 9 ಬಂತು. 5 ದಾಟಿದರೆ ವಿಚಾರಿಸಲೇಬೇಕು. ಸಾಯುವ ಯೋಚನೆ ಉಂಟೇ ಎಂದು ನೇರವಾಗಿ ಕೇಳಿದೆ, ಇರಲಿಲ್ಲ. ಥೈರಾಯ್ಡ್ ಮತ್ತು ಬಿ12 ಪರೀಕ್ಷೆಗೆ ವೈದ್ಯರ ಬಳಿ ಕಳಿಸಿದೆ. ಇವೆರಡು ಏರುಪೇರಾದರೂ ಮನಸ್ಸು ಕುಗ್ಗುತ್ತದೆ.

ಮೂರನೇ ಭೇಟಿಯಲ್ಲಿ ಹಾಳೆಯ ಮೇಲೊಂದು ಅಡ್ಡಗೆರೆ ಎಳೆಸಿ, ಐದೈದು ವರ್ಷಕ್ಕೆ ಗುರುತು ಹಾಕಿಸಿದೆ. ಗುರುತಿನ ಮೇಲೆ ಆಗಿನ ನೆಮ್ಮದಿಗೆ 0ಯಿಂದ 10ರೊಳಗೆ ಒಂದು ಅಂಕ. ಕೆಳಗೆ ನಾಲ್ಕೇ ವಿಷಯ: ಜೊತೆಗೆ ಯಾರಿದ್ದರು, ದಿನ ಹೇಗೆ ಕಳೆಯುತ್ತಿತ್ತು, ನಿದ್ದೆ, ಆರೋಗ್ಯ. ಇದನ್ನು ಬಾಲ್ಯದ ಕಡೆಯಿಂದ ಬರೆಸಬಾರದು. ಕುಗ್ಗಿದ ಮನಸ್ಸಿಗೆ ಕಹಿ ನೆನಪುಗಳೇ ಮೊದಲು ಸಿಗುವುದರಿಂದ ಇಡೀ ಗೆರೆಗೆ ಒಂದೇ ಬಣ್ಣ ಬಳಿದುಬಿಡುತ್ತಾರೆ. ಇವತ್ತಿನಿಂದ ಹಿಂದಕ್ಕೆ ಹೋಗಬೇಕು.

ಅವರು 67ಕ್ಕೆ 2 ಕೊಟ್ಟರು, 62ಕ್ಕೆ 4. ವಯಸ್ಸು 57ಕ್ಕೆ ಬಂದಾಗ ಪೆನ್ನು ತಡೆಯಿತು; 7 ಬರೆದರು. 52ಕ್ಕೂ 7. 42ಕ್ಕೆ 8. ಹಾಳೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ, “ಬಾಲ್ಯ ಆಗಲೂ ಅದೇ ಇತ್ತಲ್ಲ. ಆಗ ಹೇಗೆ ಚೆನ್ನಾಗಿದ್ದೆ?” ಅಂದರು.

ಉತ್ತರ ಹೇಳಲಿಲ್ಲ. ಕೆಳಗಿನ ಸಾಲು ಓದಿ ಅಂದೆ. 42ರ ಕೆಳಗೆ ಇಬ್ಬರು ಗೆಳತಿಯರು, ಸಂಜೆಯ ನಡಿಗೆ. 62ರ ಕೆಳಗೆ ‘ಯಾರೂ ಇಲ್ಲ’.

“ಅವರು ನಿಮ್ಮನ್ನು ಬಿಟ್ಟರೇ?”

“ಇಲ್ಲ. ನಾಲ್ಕು ಜನ ಸೇರಿದರೆ ಯಾರು ಏನಂದರೋ ತಿಳಿಯುತ್ತಿರಲಿಲ್ಲ. ಅವರು ನಕ್ಕಾಗ ನಾನೂ ನಗುತ್ತಿದ್ದೆ. ಆಮೇಲೆ ಹೋಗುವುದನ್ನೇ ಬಿಟ್ಟೆ.”

ವಯಸ್ಸಾದಂತೆ ಕಿವಿಗೆ ಮೊದಲು ಕೇಳಿಸದಾಗುವುದು ಕೀರಲು ದನಿಗಳು. ಸ, ಶದಂಥ ವ್ಯಂಜನಗಳು ಅಸ್ಪಷ್ಟವಾಗುತ್ತವೆ. ದನಿ ಕೇಳುತ್ತದೆ, ಮಾತು ಬಿಡಿಸಿ ತಿಳಿಯುವುದಿಲ್ಲ. ಹಾಗಾಗಿ ಅದು ಕಿವಿಯ ದೋಷ ಎಂದು ಹೊಳೆಯುವುದೇ ಇಲ್ಲ. ಬಾಲ್ಯದಲ್ಲಿ ಯಾರಿಗೂ ಬೇಡವಾಗಿದ್ದವರು ಮಾತು ಕೇಳಿಸದಾಗ ‘ಮತ್ತೆ ನನ್ನನ್ನು ದೂರವಿಟ್ಟರು’ ಅಂದುಕೊಳ್ಳುವುದು ಸಹಜ. ಹಳೆಯ ಗಾಯ ಕೆಲಸ ಮಾಡಿದ್ದು ಇಲ್ಲಿ.

ಕೊಟ್ಟ ಸಲಹೆ: ಮೊದಲು ಶ್ರವಣ ಪರೀಕ್ಷೆ. ಆಮೇಲೆ ಆ ಇಬ್ಬರು ಗೆಳತಿಯರಲ್ಲಿ ಒಬ್ಬರನ್ನು ವಾರಕ್ಕೊಮ್ಮೆ, ನಿಗದಿತ ದಿನ, ಗದ್ದಲವಿಲ್ಲದ ಕಡೆ, ಎದುರುಬದುರು ಕೂತು ಭೇಟಿಯಾಗುವುದು. ಗುಂಪು ಸದ್ಯಕ್ಕೆ ಬೇಡ. ‘ನನಗೆ ಸರಿಯಾಗಿ ಕೇಳಿಸುವುದಿಲ್ಲ, ಮುಖ ನೋಡಿ ಮಾತಾಡು’ ಎಂದು ಮೊದಲೇ ಹೇಳಿಬಿಡುವುದು. ಅವರಿಗೆ ಕಷ್ಟವಾದದ್ದು ಇದೊಂದೇ. ಕೇಳಿಕೊಂಡರೆ ಏಟು ಬೀಳುತ್ತಿದ್ದ ಮನೆಯಲ್ಲಿ ಬೆಳೆದವರು ಸಹಾಯ ಕೇಳುವುದನ್ನು ಅಭ್ಯಾಸ ಮಾಡಬೇಕಾಗುತ್ತದೆ. ಆ ಒಂದು ವಾಕ್ಯವನ್ನು ಭೇಟಿಯಲ್ಲೇ ಐದಾರು ಸಲ ಹೇಳಿಸಿದೆ.

ಬಾಲ್ಯದ ನೋವನ್ನು ಬದಿಗೊತ್ತಿದಂತಾಯಿತು ಎಂಬ ಆಕ್ಷೇಪ ಬರಬಹುದು. ಬದಿಗೊತ್ತಿಲ್ಲ, ಸರದಿಯಲ್ಲಿಟ್ಟೆ. ನಿದ್ದೆಯಿಲ್ಲದ, ಮಾತಿಗೆ ಜನವಿಲ್ಲದ ವ್ಯಕ್ತಿಯಿಂದ ವಾರಕ್ಕೊಂದು ಗಂಟೆ ಹಳೆಯದನ್ನು ಅಗೆಸಿದರೆ ಉಳಿದ ಆರು ದಿನ ಅವರು ಒಬ್ಬರೇ ಅದನ್ನು ಮೆಲುಕು ಹಾಕುತ್ತಾರೆ. ದುಃಸ್ವಪ್ನ, ಹಳೆಯ ಘಟನೆ ಕಣ್ಣೆದುರೇ ಮರುಕಳಿಸುವುದು, ಸಾಯುವ ಯೋಚನೆ ಇದ್ದಿದ್ದರೆ ದಾರಿಯೇ ಬೇರೆ. ಮನೋವೈದ್ಯರ ಬಳಿಗೆ, ಮಾನಸಿಕ ಆಘಾತಕ್ಕೆ ಚಿಕಿತ್ಸೆ ಕೊಡುವುದರಲ್ಲಿ ತರಬೇತಿ ಪಡೆದವರ ಬಳಿಗೆ ಕಳಿಸಬೇಕು.

ಇನ್ನು ಬಾಲ್ಯದ ಹತ್ತು ಪ್ರಶ್ನೆಗಳ ಆ ಅಂಕ. ಏಟು ಒಂದು ತಿಂಗಳು ಬಿತ್ತೋ ಹತ್ತು ವರ್ಷವೋ, ಪಕ್ಕದಲ್ಲಿ ಆಸರೆಗೆ ಯಾರಾದರೂ ಇದ್ದರೋ, ಅದು ಲೆಕ್ಕಕ್ಕಿಡುವುದಿಲ್ಲ. ಈ ಅಂಕಕ್ಕೆ ಆಧಾರವಾದ 1998ರ ಮೂಲ ಅಧ್ಯಯನ ನಡೆಸಿದವರಲ್ಲಿ ಒಬ್ಬರಾದ ರಾಬರ್ಟ್ ಆಂಡಾ ಅವರೇ, ಒಬ್ಬೊಬ್ಬರ ಭವಿಷ್ಯ ಹೇಳಲು ಇದನ್ನು ಬಳಸಬೇಡಿ ಎಂದು 2020ರಲ್ಲಿ ಎಚ್ಚರಿಸಿದ್ದಾರೆ. ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಮನೋವಿಜ್ಞಾನಿ ಎಮ್ಮಿ ವರ್ನರ್, ತೀರಾ ಕಷ್ಟದಲ್ಲಿ ಬೆಳೆದವರಲ್ಲೂ ಮೂರನೇ ಒಂದರಷ್ಟು ಮಂದಿ ಸಮರ್ಥರಾಗಿ ಬೆಳೆದದ್ದನ್ನು ಕಂಡರು.

ಪರೀಕ್ಷೆಯಲ್ಲಿ ಎರಡೂ ಕಿವಿಗೆ ಮಧ್ಯಮ ದೋಷ ಕಂಡಿತು. ಶ್ರವಣಯಂತ್ರ ಹಾಕಿದ ಮೊದಲ ವಾರವೇ ತೆಗೆದಿಟ್ಟರು: ಪಾತ್ರೆಯ ಸದ್ದು, ಕಾಗದದ ಸರಪರ, ತಮ್ಮದೇ ದನಿ, ಎಲ್ಲ ಕರ್ಕಶ. ಮಿದುಳು ಹೊಂದಿಕೊಳ್ಳಲು ವಾರಗಳೇ ಬೇಕು. ದಿನಕ್ಕೆ ಎರಡು ಗಂಟೆ, ಮನೆಯೊಳಗೆ ಮಾತ್ರ ಎಂದು ಶುರುಮಾಡಿ ಏರಿಸುತ್ತ ಹೋದರು. ಎರಡು ತಿಂಗಳ ನಂತರ 15ರ ಪಟ್ಟಿಯಲ್ಲಿ 5 ಬಂತು. ಇಬ್ಬರು ಗೆಳತಿಯರಲ್ಲಿ ಒಬ್ಬರು ಬರುತ್ತಿದ್ದಾರೆ. ಇನ್ನೊಬ್ಬರಿಗೆ ಫೋನ್ ಮಾಡುವುದು ಬಾಕಿಯಿದೆ.