ನಿಷೇಧ ಸರ್ಕಾರದ್ದು, ನಷ್ಟ ಯಾರದ್ದು?

ಪ್ರಶ್ನೆ: ನಾನು ಮಕ್ಕಳ ಸಿದ್ಧ ಉಡುಪುಗಳ ಸಗಟು ವ್ಯಾಪಾರಿ. ಅಮೆರಿಕದಲ್ಲಿ ಹಿಂದೊಮ್ಮೆ ಮಕ್ಕಳ ರಾತ್ರಿ ಉಡುಪನ್ನು ನಿಷೇಧಿಸಿದ ಸರ್ಕಾರವೇ, ವ್ಯಾಪಾರಿಗಳಿಗೆ ನಷ್ಟ ತುಂಬಿಕೊಡಲು ಕಾನೂನು ಮಾಡಿತೆಂದು ಕೇಳಿದೆ. ಇದು ನಿಜವೇ? ನಮ್ಮಲ್ಲಿ ಅಂಥ ಹಕ್ಕು ಇದೆಯೇ?
– ಓದುಗರೊಬ್ಬರು, ಚಿಕ್ಕಪೇಟೆ, ಬೆಂಗಳೂರು

ಉತ್ತರ: ನಿಜ, ಆದರೆ ಆ ಕಾನೂನು ಬರುವುದಕ್ಕೆ ಐದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 1970ರ ದಶಕದ ಆರಂಭದಲ್ಲಿ ಮಕ್ಕಳ ರಾತ್ರಿ ಉಡುಪಿಗೆ ಸುಲಭವಾಗಿ ಬೆಂಕಿ ಹತ್ತಬಾರದೆಂಬ ಮಾನದಂಡವನ್ನು ಅಲ್ಲಿನ ಸರ್ಕಾರ ಕಡ್ಡಾಯಗೊಳಿಸಿತು. ಇಂಥದೇ ರಾಸಾಯನಿಕ ಬಳಸಬೇಕೆಂದು ಅದು ಹೇಳಿರಲಿಲ್ಲ. ಆದರೂ ಪಾಲಿಯೆಸ್ಟರ್ ಬಟ್ಟೆಗೆ ‘ಟ್ರಿಸ್’ ಎಂಬ ಬೆಂಕಿನಿರೋಧಕವನ್ನು ಉಣಿಸುವ ಪದ್ಧತಿ ವ್ಯಾಪಕವಾಯಿತು. ಇಲಿಗಳ ಮೇಲಿನ ಪರೀಕ್ಷೆಗಳಲ್ಲಿ ಟ್ರಿಸ್ ಕ್ಯಾನ್ಸರ್‌ಕಾರಕವೆಂದು ಕಂಡುಬಂದಾಗ, 1977ರ ಏಪ್ರಿಲ್‌ನಲ್ಲಿ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಅದನ್ನು ಬಳಸಿದ ಮಕ್ಕಳ ಉಡುಪುಗಳನ್ನು ನಿಷೇಧಿಸಿತು.

ಜಗಳ ಹುಟ್ಟಿದ್ದು ಮಾಲು ಹಿಂತಿರುಗುವ ದಾರಿಯಲ್ಲಿ. ಅಂಗಡಿಯವನು ಗ್ರಾಹಕನಿಗೆ ಹಣ ಮರಳಿಸಿ ಉಡುಪನ್ನು ತಯಾರಕನಿಗೆ ಒಪ್ಪಿಸಬಹುದಿತ್ತು. ಮೊದಲ ಆದೇಶದ ಪ್ರಕಾರ ಹೊರೆ ಅಲ್ಲಿಗೇ, ಅಂದರೆ ಹೊಲಿದವನ ತಲೆಯ ಮೇಲೇ, ನಿಲ್ಲುತ್ತಿತ್ತು. ಆತ ನ್ಯಾಯಾಲಯಕ್ಕೆ ಹೋದ ಮೇಲೆ ಬಟ್ಟೆ ಗಿರಣಿ, ನೂಲು, ರಾಸಾಯನಿಕ ತಯಾರಕರವರೆಗೂ ಸರಪಳಿ ಚಾಚಿತು. ಆಗ ಗಿರಣಿಯವರು ತಮ್ಮ ಮಾತನ್ನು ಕೇಳದೆಯೇ ಆದೇಶ ಹೊರಡಿಸಲಾಗಿದೆಯೆಂದು ದಕ್ಷಿಣ ಕ್ಯಾರೊಲಿನಾದಲ್ಲಿ ದಾವೆ ಹೂಡಿ ತಡೆ ತಂದರು.

ಪರಿಹಾರದ ಮಸೂದೆಯನ್ನು ಸಂಸತ್ತು ಅಂಗೀಕರಿಸಿದರೂ, ಸುರಕ್ಷತಾ ನಿಯಮದಿಂದಾಗುವ ಉದ್ಯಮದ ನಷ್ಟಕ್ಕೆಲ್ಲ ಸರ್ಕಾರ ವಿಮೆಗಾರನಾಗಬಾರದೆಂಬ ನಿಲುವಿನಿಂದ ಅಧ್ಯಕ್ಷ ಕಾರ್ಟರ್ 1978ರಲ್ಲಿ ಅದನ್ನು ತಡೆದರು. 1982ರ ಡಿಸೆಂಬರ್‌ನಲ್ಲಿ ರೇಗನ್ ಸಹಿ ಹಾಕಿದ ಕಾನೂನು ಸಹ ಕೈಗೆ ಚೆಕ್ ಕೊಡಲಿಲ್ಲ. ನಷ್ಟದ ದಾವೆಗಳನ್ನು ವಿಚಾರಿಸುವ ಅಧಿಕಾರವನ್ನು ವಿಶೇಷ ನ್ಯಾಯಾಲಯಕ್ಕೆ ನೀಡಿತು, ಅಷ್ಟೆ. ಕಾರ್ಟರ್ ವಾದ ರಾಸಾಯನಿಕ ತಯಾರಿಸಿದವರಿಗೆ ಸರಿಯಾಗಿಯೇ ಅನ್ವಯಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಬಟ್ಟೆಯ ಥಾನು ಕೊಂಡು ಹೊಲಿದ ಸಣ್ಣ ತಯಾರಕನಿಗೆ ಅದರೊಳಗೆ ಏನಿದೆಯೆಂದು ಪರೀಕ್ಷಿಸುವ ಪ್ರಯೋಗಾಲಯ ಎಲ್ಲಿತ್ತು?

ನಮ್ಮಲ್ಲಿ ಇಂಥ ಸಾಮಾನ್ಯ ಹಕ್ಕು ಇಲ್ಲ. ವ್ಯಾಪಾರ ಸ್ವಾತಂತ್ರ್ಯದ ಮೇಲೆ ಸಾರ್ವಜನಿಕ ಹಿತಕ್ಕಾಗಿ ಸಮಂಜಸ ನಿರ್ಬಂಧ ಹೇರಲು ಸಂವಿಧಾನದ 19(6)ನೆಯ ವಿಧಿ ಅವಕಾಶ ನೀಡುತ್ತದೆ. 2019ರ ಇ-ಸಿಗರೇಟ್ ನಿಷೇಧ ಕಾನೂನನ್ನೇ ನೋಡಿ: ದಾಸ್ತಾನು ಉಳ್ಳವರು ಪಟ್ಟಿ ಮಾಡಿ, ಮಾಲಿನ ಸಮೇತ ಅಧಿಕೃತ ಅಧಿಕಾರಿಗೆ ಒಪ್ಪಿಸಬೇಕಿತ್ತು, ಬೆಲೆ ಮರಳಿಸುವ ಮಾತು ಅದರಲ್ಲಿ ಇಲ್ಲ.

ಆದ್ದರಿಂದ ಮಾಲು ನಿಷೇಧಕ್ಕೆ ಒಳಗಾದರೆ ಹಿಂದಕ್ಕೆ ಪಡೆಯಬೇಕೆಂಬ ಷರತ್ತನ್ನು ಸರಬರಾಜುದಾರರಿಂದ ಲಿಖಿತವಾಗಿ ಮೊದಲೇ ಪಡೆಯಿರಿ. ದಾಸ್ತಾನನ್ನು ನೀವೇ ನಾಶಪಡಿಸಿದರೆ ಅಥವಾ ಲೆಕ್ಕದಿಂದ ಕೈಬಿಟ್ಟರೆ, ಜಿಎಸ್‌ಟಿ ಕಾನೂನಿನ 17(5)(ಎಚ್) ಪ್ರಕಾರ ಅದನ್ನು ಕೊಳ್ಳುವಾಗ ತೆತ್ತ ತೆರಿಗೆಗೆ ಪಡೆದ ಜಮೆಯನ್ನೂ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹಿಂತಿರುಗಿಸಬೇಕಾಗುತ್ತದೆ.