ಗೋಡೆ ಯಾರದು ಅಂತ ಹೈಕೋರ್ಟ್ ಹೇಳಿಲ್ಲ

ಯಲಹಂಕದ ಓದುಗರೊಬ್ಬರ ಪತ್ರ: ‘ನಮ್ಮದು ಖಾಸಗಿ ಬಡಾವಣೆಯಲ್ಲಿ 30×40 ಸೈಟು. ಪಕ್ಕದವರ ಕಾಂಪೌಂಡ್ ಒಂದೂವರೆ ಅಡಿ ನಮ್ಮ ಕಡೆ ಬಂದಿದೆ. ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದ್ದೇವೆ. ಸರ್ವೆಯರನ್ನು ಕಮಿಷನರ್ ಮಾಡಿ ಅಳತೆ ಮಾಡಿಸಿ ಅಂತ ಕೇಳಿದರೆ ಅರ್ಜಿ ವಜಾ ಆಯಿತು. ಹೈಕೋರ್ಟಿಗೆ ಹೋದೆವು. ಅಲ್ಲೂ ಮಧ್ಯಪ್ರವೇಶ ಬೇಕಿಲ್ಲ ಅಂದುಬಿಟ್ಟರು. ಹಾಗಾದರೆ ಪಕ್ಕದವರೇ ಸರಿ ಅಂತಾಯಿತಾ? ಸರಿ ತಪ್ಪು ನೋಡದ ಹೈಕೋರ್ಟ್ ಯಾಕೆ ಬೇಕು?’

ನಮಸ್ಕಾರ ಮೇಡಂ. ಪಕ್ಕದವರು ಸರಿ ಅಂತ ಯಾರೂ ಹೇಳಿಲ್ಲ. ಗೋಡೆಯ ವಿಚಾರ ಹೈಕೋರ್ಟಿನ ಮುಂದೆ ಇರಲೇ ಇಲ್ಲ. ಅಲ್ಲಿದ್ದದ್ದು ಒಂದೇ ಪ್ರಶ್ನೆ: ಕಮಿಷನರ್, ಅಂದರೆ ಸ್ಥಳಕ್ಕೆ ಹೋಗಿ ನೋಡಿ ವರದಿ ಕೊಡಲು ಕೋರ್ಟೇ ನೇಮಿಸುವವರು, ಬೇಡ ಅನ್ನುವಾಗ ಕೆಳಗಿನ ನ್ಯಾಯಾಧೀಶರು ತಮ್ಮ ಅಧಿಕಾರದ ಗೆರೆ ದಾಟಿದರಾ?

ಹಿಂದೆ ಇಂಥ ಸಣ್ಣಪುಟ್ಟ ಆದೇಶಗಳನ್ನೂ ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆಯ) 115ನೇ ಕಲಮಿನಡಿ ರಿವಿಷನ್, ಅಂದರೆ ಮರುಪರಿಶೀಲನೆ, ಅಂತ ಹೈಕೋರ್ಟಿಗೆ ಒಯ್ಯುತ್ತಿದ್ದರು. ಮೇಲೆ ತಡೆಯಾಜ್ಞೆ ಸಿಕ್ಕರೆ ಕೆಳಗೆ ದಾವೆ ವರ್ಷಗಟ್ಟಲೆ ನಿಲ್ಲುತ್ತಿತ್ತು. 1999ರ ತಿದ್ದುಪಡಿ 2002ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ ಆ ಬಾಗಿಲು ಬಹುಪಾಲು ಮುಚ್ಚಿತು. ಆದೇಶ ನಿಮ್ಮ ಪರ ಆಗಿದ್ದಿದ್ದರೆ ದಾವೆಯೇ ಮುಗಿದುಹೋಗುತ್ತಿತ್ತು ಅನ್ನುವಂತಿದ್ದರೆ ಮಾತ್ರ ಈಗ ರಿವಿಷನ್. ಕಮಿಷನರ್ ನೇಮಕದಿಂದ ದಾವೆ ಮುಗಿಯುವುದಿಲ್ಲ, ಅಲ್ವಾ? ಹಾಗಾಗಿ ಉಳಿಯುವುದು ಸಂವಿಧಾನದ 227ನೇ ವಿಧಿ. ನಿಮ್ಮ ಫೈಲಿನ ಮೇಲೆ ರಿಟ್ ನಂಬರಿನ ಪಕ್ಕ ‘ಜಿಎಂ-ಸಿಪಿಸಿ’ ಅಂತ ಇದೆಯಾ ನೋಡಿ. ಸಿವಿಲ್ ಕೋರ್ಟಿನ ಆದೇಶಗಳ ಮೇಲಿನ ಇಂಥ ಅರ್ಜಿಗಳಿಗೆ ಹಾಕುವ ಗುರುತು ಅದು. ಹೆಸರಿಗೆ ರಿಟ್ ಆದರೂ, ಸಿವಿಲ್ ಕೋರ್ಟಿನ ಆದೇಶದ ಮೇಲೆ 226ನೇ ವಿಧಿಯ ರಿಟ್ ನಡೆಯದು ಎಂದು 2015ರಲ್ಲೇ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. 227ರಲ್ಲಿ ಇರುವುದು ಮೇಲ್ವಿಚಾರಣೆಯ ಅಧಿಕಾರ. ಕೆಳಗಿನವರು ತೆಗೆದುಕೊಂಡದ್ದಕ್ಕಿಂತ ಒಳ್ಳೆಯ ತೀರ್ಮಾನ ಇತ್ತು ಅನ್ನುವುದು ಅಲ್ಲಿ ಸಾಲದು.

ಅಪೀಲಿನ ದಾರಿ ಇರುವ ಮಧ್ಯಂತರ ಆದೇಶಗಳೂ ಇವೆ. ಗೋಡೆ ಮೇಲೇಳದಂತೆ ತಾತ್ಕಾಲಿಕ ತಡೆ ಕೇಳಿ, ಅದು ಸಿಗದಿದ್ದರೆ ಸಿಪಿಸಿಯ 43ನೇ ಆರ್ಡರಿನಡಿ ಅಪೀಲು ಹಾಕಬಹುದು. ಕಮಿಷನರ್ ಆದೇಶ ಆ ಪಟ್ಟಿಯಲ್ಲಿಲ್ಲ. ಆದರೂ ನಿಮ್ಮ ಆಕ್ಷೇಪ ಸತ್ತಿಲ್ಲ. 105ನೇ ಕಲಮಿನ ಪ್ರಕಾರ, ಕೊನೆಗೆ ಡಿಕ್ರಿ ನಿಮ್ಮ ವಿರುದ್ಧ ಬಂದರೆ, ಕಮಿಷನರ್ ಬೇಡ ಅಂದದ್ದರಿಂದ ತೀರ್ಪೇ ದಾರಿ ತಪ್ಪಿತು ಎಂದು ಅಪೀಲಿನಲ್ಲಿ ಎತ್ತಬಹುದು.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ‘ಸಾಕ್ಷ್ಯ ಸಂಗ್ರಹಕ್ಕೆ ಕಮಿಷನರ್ ಇಲ್ಲ’ ಅನ್ನುವ ವಾಕ್ಯವನ್ನು ನಮ್ಮ ಕೋರ್ಟುಗಳು ಎಲ್ಲ ಅರ್ಜಿಗೂ ಸ್ವಲ್ಪ ಸಲೀಸಾಗಿ ಅಂಟಿಸುತ್ತವೆ. ಜಾಗ ಯಾರ ಸ್ವಾಧೀನದಲ್ಲಿದೆ ಅನ್ನುವುದಕ್ಕಾದರೆ ಆ ಮಾತು ಸರಿ. ಅದನ್ನು ಸಾಕ್ಷಿಗಳು ಹೇಳಬೇಕು. ಆದರೆ ಗಡಿ ಎಲ್ಲಿ ಹಾಯುತ್ತದೆ ಅನ್ನುವುದನ್ನು ಯಾವ ಸಾಕ್ಷಿ ಪಾಟೀ ಸವಾಲಿನಲ್ಲಿ ಅಡಿ, ಇಂಚಿನಲ್ಲಿ ಹೇಳಿಯಾನು? ಅದಕ್ಕೆ ಟೇಪು, ಯಂತ್ರ ಹಿಡಿದವರೇ ಬೇಕು. 26ನೇ ಆರ್ಡರಿನ 9ನೇ ನಿಯಮ ಇರುವುದೇ ಇದಕ್ಕೆ. 2008ರಲ್ಲಿ ಹರಿಯಾಣ ವಕ್ಫ್ ಬೋರ್ಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಜಗಳ ಇರುವುದು ಗಡಿ ಗುರುತಿಸುವುದರ ಬಗ್ಗೆ ಮಾತ್ರ ಆಗಿರುವಾಗ ಆ ಅರ್ಜಿ ತಿರಸ್ಕರಿಸಿದ್ದು ತಪ್ಪು.

ಹಾಗಿದ್ದೂ ನಿಮಗೆ ಯಾಕೆ ಸಿಗಲಿಲ್ಲ? ನೀವು ಕಳಿಸಿದ ಅರ್ಜಿಯ ನಕಲಿನಲ್ಲಿ ಕೇಳಿರುವುದು ‘ಸ್ಥಳ ಪರಿಶೀಲಿಸಿ, ಸ್ವಾಧೀನ ಮತ್ತು ಒತ್ತುವರಿ ಬಗ್ಗೆ ವರದಿ ನೀಡಬೇಕು’ ಅಂತ. ಸ್ವಾಧೀನ ಅನ್ನುವ ಆ ಒಂದು ಮಾತೇ ಮುಳುವಾಗಿದೆ. ಜೊತೆಗೆ ಸಾಕ್ಷಿ ವಿಚಾರಣೆ ಶುರುವಾಗುವ ಮೊದಲೇ ಕೇಳಿದ್ದೀರಿ. ಅದಕ್ಕೆ ಕಟ್ಟುನಿಟ್ಟಿನ ನಿಯಮ ಅಂತೇನೂ ಇಲ್ಲ. ಆದರೂ ಎರಡೂ ಕಡೆಯ ದಾಖಲೆ ಮುಂದೆ ಬರಲಿ, ಆಮೇಲೆ ನೋಡೋಣ ಅನ್ನುವ ನ್ಯಾಯಾಧೀಶರೇ ಜಾಸ್ತಿ.

ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ. ಹಳ್ಳಿಯ ಜಮೀನಾದರೆ ಟಿಪ್ಪಣಿ, ಆಕಾರ್‌ಬಂದ್, ಗ್ರಾಮ ನಕಾಶೆ ಅನ್ನುವ ಸರ್ವೆ ದಾಖಲೆಗಳು ಇರುತ್ತವೆ. ಸರ್ವೆಯರು ಬಾಂದುಕಲ್ಲು (ಗಡಿಕಲ್ಲು) ಹುಡುಕಿ ಹದ್ದುಬಸ್ತು, ಅಂದರೆ ಗಡಿ ಗುರುತು, ಮಾಡಿಕೊಡುತ್ತಾರೆ. ಆದರೆ ಆ ದಾಖಲೆಗಳು ಹೇಳುವುದು ಸರ್ವೆ ನಂಬರಿನ ಗಡಿಯನ್ನು. ಅದರೊಳಗೆ ಯಾರೋ ಬಿಡಿಸಿ ಮಾರಿದ 30×40 ಸೈಟುಗಳ ಗೆರೆ ಅವುಗಳಲ್ಲಿ ಇರುವುದಿಲ್ಲ. ಅದಕ್ಕೆ ಬಡಾವಣೆಯ ನಕ್ಷೆ, ಎರಡೂ ಕಡೆಯ ಕ್ರಯಪತ್ರ, ಅದರಲ್ಲಿ ಬರೆದ ಚೆಕ್ಕುಬಂದಿ (ನಾಲ್ಕೂ ದಿಕ್ಕಿನಲ್ಲಿ ಏನಿದೆ ಅನ್ನುವ ವಿವರ) ಇಟ್ಟುಕೊಂಡು ಅಳೆಯಬೇಕು. ಎಲ್ಲಿಂದ ಅಳೆಯಬೇಕು ಅನ್ನುವುದು ಅದಕ್ಕಿಂತ ಮುಖ್ಯ. ಸಾಲಿನ ಮೊದಲ ಸೈಟಿನವರು ರಸ್ತೆಗೆ ಅರ್ಧ ಅಡಿ ಬಿಟ್ಟಿದ್ದರೆ ಸಾಲಿಡೀ ಸರಿದಿರುತ್ತದೆ. ಆಗ ನಿಮ್ಮ ಒಂದೂವರೆ ಅಡಿ ಪಕ್ಕದವರ ಹತ್ತಿರವೇ ಇರಬೇಕೆಂದಿಲ್ಲ. ಕ್ರಯಪತ್ರದ ಅಳತೆಗೂ ಚೆಕ್ಕುಬಂದಿಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಚೆಕ್ಕುಬಂದಿಯ ಮಾತೇ ನಡೆಯುತ್ತದೆ. ಇದು ನಿಮಗೆ ಖುಷಿ ಕೊಡದಿರಬಹುದು, ಈಗಲೇ ತಿಳಿದಿರುವುದು ಒಳ್ಳೆಯದು.

ಹೈಕೋರ್ಟ್ ಆದೇಶದ ಕೊನೆಯ ಪ್ಯಾರಾ ಇನ್ನೊಮ್ಮೆ ಓದಿ. ಸೂಕ್ತ ಹಂತದಲ್ಲಿ ಮತ್ತೆ ಅರ್ಜಿ ಹಾಕಲು ಅವಕಾಶ ಬಿಟ್ಟಿರುವುದುಂಟು. ಹಾಗೆ ಬರೆದಿಲ್ಲದಿದ್ದರೂ ಸನ್ನಿವೇಶ ಬದಲಾಗಿದೆ ಎಂದು ತೋರಿಸಿ ಕೇಳಬಹುದು. ಹಳೆಯ ಅರ್ಜಿಗೇ ಹೊಸ ತಾರೀಖು ಹಾಕಿ ಕೊಟ್ಟರೆ ಮಾತ್ರ ಮತ್ತೆ ವಜಾ ಆಗುತ್ತದೆ. ಎರಡೂ ಕಡೆಯ ಸಾಕ್ಷ್ಯ ಮುಗಿದ ಮೇಲೆ, ಎರಡೂ ಸೈಟುಗಳನ್ನು ಅಳೆಯಬೇಕು, ಇಂತಿಂಥ ದಾಖಲೆ ಇಟ್ಟುಕೊಂಡು, ಇಂಥ ಸ್ಥಿರ ಗುರುತಿನಿಂದ ಅಂತ ಮೆಮೊದಲ್ಲಿ ಬರೆಸಿ. ಸ್ವಾಧೀನದ ಸುದ್ದಿ ಬೇಡ.

ನಿಮ್ಮ ದಾವೆ ಬರೀ ನಿರ್ಬಂಧಕಾಜ್ಞೆಗೆ ಹಾಕಿದ್ದಾದರೆ ಅದನ್ನೂ ವಕೀಲರ ಹತ್ತಿರ ಮಾತಾಡಿ. ಗೋಡೆ ಆಗಲೇ ನಿಂತಿದೆ. ‘ಕಟ್ಟಬೇಡಿ’ ಅನ್ನುವ ಆದೇಶದಿಂದ ಅದು ಬೀಳುವುದಿಲ್ಲ. ತೆರವು ಮತ್ತು ಸ್ವಾಧೀನ ಕೇಳಲು ದಾವೆಯನ್ನೇ ತಿದ್ದಬೇಕಾಗಬಹುದು. ಆ ತಿದ್ದುಪಡಿಯೂ ವಿಚಾರಣೆ ಶುರುವಾದ ಮೇಲೆ ಕಷ್ಟ. ಹಾಗಾಗಿ ಕಮಿಷನರ್ ವಿಚಾರ ಸ್ವಲ್ಪ ಕಾದರೂ ನಡೆಯುತ್ತದೆ, ಇದು ಕಾಯುವುದಿಲ್ಲ.

— ಸಂಪಾದಕ